ಮೇಸ್ತ್ರಿಯ ಮೂಗು

ಪಾಲಿಶ್ ಮೇಸ್ತ್ರಿಗೆ ಹುಟ್ಟಿದಾಗಿನಿಂದ ಯಾರ ಮೇಲೂ ನಂಬಿಕೆಯಿಲ್ಲ. ಹಾಲಿನವಳು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾಳೆ ಎಂದು ಅನುಮಾನ. ನಗದಿದ್ದರೆ ಹೆಚ್ಚೇ ಬೆರೆಸಿದ್ದಾಳೆ ಎಂಬ ಖಾತ್ರಿ. ಪಾಸ್ಟರು ಪ್ರಾರ್ಥಿಸುವಾಗ ಇವರು ಒಂದು ಕಣ್ಣು ತೆರೆದು, ಉಳಿದವರೆಲ್ಲ ಕಣ್ಣು ಮುಚ್ಚಿದ್ದಾರೋ ಇಲ್ಲವೋ ಎಂದು ನೋಡುವವರು.

ಆದರೆ ಮರದ ಮುಂದೆ ಕೂತರೆ ಮನುಷ್ಯನೇ ಬೇರೆ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿ ತುಂಬಿದ ಬಟ್ಟೆಯುಂಡೆಯಿಂದ ಬೀರುವಿನ ಬಾಗಿಲಿಗೆ ಒಂದು ಕೋಟ್ ಕೊಟ್ಟರೆಂದರೆ, ಅದು ಪೂರ್ತಿ ಒಣಗುವವರೆಗೆ ಬೆರಳೂ ತಾಗಿಸುತ್ತಿರಲಿಲ್ಲ. ಗಿರಾಕಿ ಬಂದು ತಲೆ ಮೇಲೆ ಕೂತರೂ ಅಷ್ಟೇ. ಹೆಂಡತಿ ಬದುಕಿದ್ದಾಗ, "ಆ ತಾಳ್ಮೇಲಿ ಕಾಲುಭಾಗ ನಮಗೂ ಇಟ್ಟಿದ್ರೆ ಈ ಮನೆ ಸ್ವರ್ಗ ಆಗ್ತಿತ್ತು" ಅನ್ನುತ್ತಿದ್ದಳು.

ಒಬ್ಬಳೇ ಮಗಳು. ಅವಳ ಗಂಡ ಲಾರಿ ಡ್ರೈವರ್. ಒಳ್ಳೆಯವನೇ, ಕುಡಿತವೊಂದು ಬಿಟ್ಟರೆ. ಆ ಒಂದರಿಂದಲೇ ಸಾಕುಸಾಕಾಗಿ ಮಗಳು ತವರಿಗೆ ಬಂದಿದ್ದಳು. ಅಳಿಯ ಚರ್ಚಿನ ಸಭೆಯವರು ನಡೆಸುವ ಕುಡಿತ ಬಿಡಿಸುವ ಕೇಂದ್ರಕ್ಕೆ ತಾನಾಗಿಯೇ ಸೇರಿಕೊಂಡ. ಅವನಿಗೆ ಧೈರ್ಯ ಬಂದ ದಿನ ಹೆಂಡತಿಯನ್ನು ಕರೆದೊಯ್ಯಲು ಬರುತ್ತಾನೆ, ಅಲ್ಲಿಯವರೆಗೆ ಯಾರೂ ಅವಸರಪಡಿಸಬಾರದು ಎಂದು ಪಾಸ್ಟರು ಹೇಳಿದ್ದರು.

"ದೇವರು ತಕ್ಕ ಸಮಯಕ್ಕೆ ಮಾಡ್ತಾನೆ ಅಪ್ಪ," ಅನ್ನುತ್ತಿದ್ದಳು ಮಗಳು.

"ದೇವರನ್ನ ನಾನು ಬೇಡ ಅಂದ್ನಾ? ಅವನ ಜೊತೆ ನಿನ್ನ ಗಂಡನೂ ಸೇರಿದಾನಲ್ಲ, ಅದೇ ಯೋಚನೆ."

ಮೇಸ್ತ್ರಿಯೂ ಪ್ರಾರ್ಥಿಸುತ್ತಿದ್ದರು. ಆದರೆ ಅದು ಪ್ರಾರ್ಥನೆಗಿಂತ ಹೆಚ್ಚಾಗಿ ವಿಚಾರಣೆ. ಕರ್ತನೇ, ನಿಜವಾಗಿ ಬಿಟ್ಟಿದ್ದಾನಾ? ಕದ್ದು ಕುಡಿತಿದ್ದಾನಾ? ನೀನು ನೋಡ್ತಿದ್ದೀಯ ತಾನೇ?

ಒಂದು ಮಧ್ಯಾಹ್ನ ಮುಂದಿನ ಕೋಣೆಯಲ್ಲಿ ಬೀರುವೊಂದಕ್ಕೆ ಪಾಲಿಶ್ ತಿಕ್ಕುತ್ತಿದ್ದಾಗ ಅಳಿಯ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಇಷ್ಟು ನೀಟಾಗಿ ಬಂದಿದ್ದೇ ಮೇಸ್ತ್ರಿಗೆ ಸರಿಕಾಣಲಿಲ್ಲ. "ಬಾರಪ್ಪ" ಎಂದು ಎದ್ದವರು ಅವನ ಹೆಗಲು ಹಿಡಿದು ಹತ್ತಿರಕ್ಕೆಳೆದು, ಅಪ್ಪಿಕೊಳ್ಳುವ ನೆವದಲ್ಲಿ ಜೋರಾಗಿ ಮೂಸಿದರು. ಗಪ್ಪನೆ ಹೊಡೆಯಿತು ವಾಸನೆ.

"ಕುಡಿದು ಬಂದಿದ್ದೀಯ!"

"ಇಲ್ಲ ಮಾವ."

"ನನ್ನ ಮೂಗಿಗೇ ಸುಳ್ಳು ಹೇಳ್ತೀಯಾ?"

ಅಳಿಯ ಬಂದ ದಾರಿಯನ್ನೇ ಹಿಡಿದ. ಒಳಗಿಂದಲೇ ಎಲ್ಲ ನೋಡಿದ್ದ ಮಗಳು ಓಡಿ ಬರುವಷ್ಟರಲ್ಲಿ ಅವನು ಬೀದಿಯ ತಿರುವು ದಾಟಿದ್ದ.

ಅವಳು ಅಪ್ಪನ ಬಲಗೈಯನ್ನು ಎತ್ತಿ ಅವರ ಮೂಗಿಗೇ ಒತ್ತಿದಳು. "ಮೂಸಿ. ಚೆನ್ನಾಗಿ ಮೂಸಿ. ಇದೇ ಕೈಯಲ್ಲಿ ಮೀಸೆ ಒರೆಸ್ಕೋತೀರ, ಇದೇ ಕೈಯಲ್ಲಿ ಅವರ ಹೆಗಲು ಹಿಡಿದ್ರಿ. ಇಡೀ ಮನೆ ಸ್ಪಿರಿಟ್ ನಾತ ಹೊಡೀತಿದೆ, ನಿಮಗೆ ಅವರ ಬಾಯೇ ಬೇಕಿತ್ತಾ?"

ಮೇಸ್ತ್ರಿ ಮೂಸಿದರು. ಅದೇ ವಾಸನೆ. ಅಷ್ಟು ವರ್ಷದ ಕಸುಬಿನಲ್ಲಿ ಸ್ಪಿರಿಟ್ ಅವರ ಮೂಗಿಗೆ ತಿಳಿಯುವುದೇ ನಿಂತುಹೋಗಿತ್ತು. ಬೇಕೆಂದೇ ಹುಡುಕಿದ್ದರಿಂದ ಅವತ್ತು ಸಿಕ್ಕಿತ್ತು.

ನೆಟ್ಟಗೆ ಪಾಸ್ಟರ ಬಳಿಗೆ ಓಡಿದರು. ಅಳಿಯ ಕೇಂದ್ರಕ್ಕೆ ಮರಳಿದ್ದ.

"ಈಗಲೇ ಹೋಗಿ ಕಾಲು ಹಿಡೀತೀನಿ ಅಯ್ಯಾ."

"ನೀವು ಹೋದ್ರೆ ನಿಮ್ಮನ್ನ ಸಮಾಧಾನ ಮಾಡೋ ಕೆಲಸವೂ ಅವನ ತಲೆಗೇ ಬೀಳುತ್ತೆ. ತಪ್ಪಾಯ್ತು ಅಂತ ನಾನು ಹೇಳ್ತೀನಿ. ಬರೋದು ಬಿಡೋದು ಅವನಿಗೂ ದೇವರಿಗೂ ಬಿಡಿ. ನೀವು ಕಾಯಿರಿ, ಮೇಸ್ತ್ರಿ."

ಕಾಯುವುದೆಂದರೇನೆಂದು ಅವರಿಗೆ ಆಗ ತಿಳಿಯಿತು. ಪಾಲಿಶ್ ಒಣಗಿಯೇ ಒಣಗುತ್ತದೆ. ಅದಕ್ಕೆ ಕಾಯುವುದೂ ಒಂದು ತಾಳ್ಮೆಯೇ? ಇಲ್ಲಿ ಏನೂ ಗೊತ್ತಿಲ್ಲ. ನನ್ನ ಮಾತಿಗೇ ಮನಸ್ಸು ಮುರಿದು ಮತ್ತೆ ಬಾಟಲಿ ಹಿಡಿದರೆ? ಮಗಳ ಬಾಳು ನನ್ನಿಂದಲೇ ಹಾಳಾದರೆ? ಅವಳು ಹೊತ್ತು ಹೊತ್ತಿಗೆ ಊಟ ಬಡಿಸುತ್ತಿದ್ದಳು, ಮಾತು ಮಾತ್ರ ಆಡುತ್ತಿರಲಿಲ್ಲ. ಕೇಂದ್ರದ ಬೀದಿಯ ಕಡೆ ಕಾಲು ತಾನಾಗಿ ಎಳೆಯುತ್ತಿತ್ತು; ಅರ್ಧ ದಾರಿ ಹೋಗಿ ತಮ್ಮನ್ನೇ ಬೈದುಕೊಂಡು ಹಿಂತಿರುಗುತ್ತಿದ್ದರು. ಕೊನೆಗೊಂದು ಭಾನುವಾರ, "ಕರ್ತನೇ, ಇನ್ನು ನಾನು ಏನೂ ಕೇಳಲ್ಲ, ಅವನನ್ನ ನೀನೇ ನೋಡ್ಕೋ" ಅಂದರು. ಆಮೇಲೆ ಏನು ಹೇಳಬೇಕೆಂದು ತೋಚದೆ ಅತ್ತುಬಿಟ್ಟರು.

ಬೀರು ಗಿರಾಕಿಯ ಮನೆ ಸೇರಿತು. ಮೇಜೊಂದು, ತೊಟ್ಟಿಲೊಂದು ಬಂದು ಹೋದವು. ಆಮೇಲೆ ಅಳಿಯ ಬಂದ.

ಹೊಸ್ತಿಲಾಚೆಯೇ ನಿಂತು, ಮೇಸ್ತ್ರಿ ಮಾತಾಡುವ ಮೊದಲೇ ಮುಖ ಮುಂದೆ ಚಾಚಿ, "ಮೂಸಿ ನೋಡಿ ಮಾವ" ಎಂದು ಬಾಯಿ ತೆರೆದ. ದನಿಯಲ್ಲಿ ಕೊಂಕಿರಲಿಲ್ಲ. ಚೆಕ್‌ಪೋಸ್ಟಿನಲ್ಲಿ ಕಾಗದ ತೋರಿಸುವ ಡ್ರೈವರನ ಹಾಗೆ ನಿಂತಿದ್ದ. ಮೇಸ್ತ್ರಿಗೆ ನಾಚಿಕೆಯಿಂದ ಜೀವ ಹಿಡಿಯಷ್ಟಾಯಿತು.

ಹಾಗಾದರೆ ಅನುಮಾನ ಹೋಗಿತ್ತೇ? ಎಲ್ಲಿಂದ ಹೋಗುತ್ತದೆ! ಇವನ ಕಣ್ಣು ಯಾಕೆ ಕೆಂಪಗಿದೆ ಎಂದು ಅದು ಒಳಗೊಳಗೇ ಕೇಳುತ್ತಿತ್ತು.

"ಬೇಡಪ್ಪ, ಬೇಡ. ಒಳಗೆ ಬಾ. ಅವಳು ಕಾಯ್ತಿದಾಳೆ."

ಬಾಗಿಲು ಕಿರಿದು. ಮೇಸ್ತ್ರಿ ಪಕ್ಕಕ್ಕೆ ಸರಿದರೂ ಅಳಿಯ ಅವರ ಮೈಗೆ ಮೈ ತಾಗಿಸಿಕೊಂಡೇ ಒಳಗೆ ಹೋಗಬೇಕಾಯಿತು. ಅವನು ದಾಟಿ ಹೋಗುವವರೆಗೂ ಮೇಸ್ತ್ರಿ ಉಸಿರು ಬಿಗಿಹಿಡಿದು ನಿಂತಿದ್ದರು.