ಗೋಡೆ ಬಲಕ್ಕಿರಲಿ

ಮೊಣಕಾಲುದ್ದ ಹಿಮನೀರಿನಲ್ಲಿ ನಿಂತು ಮೊರುಪ್ ಒಂದು ಕಲ್ಲನ್ನು ಅಲುಗಿಸಿ ನೋಡುತ್ತಾರೆ. ಅಲುಗುತ್ತದೆ. ಕಿತ್ತು, ತಿರುಗಿಸಿ, ಮತ್ತೆ ಕೂರಿಸುತ್ತಾರೆ. ಬಿಸಿಲು ಇನ್ನೂ ಎದುರು ಬೆಟ್ಟದ ನೆತ್ತಿ ಬಿಟ್ಟು ಇಳಿದಿಲ್ಲ. ನಮ್ಮೂರು ತ್ಸಗ್ರಿಯ ಮನೆಗಳಲ್ಲಿ ಬೆಣ್ಣೆ ಚಹಾ ಕಡೆಯುವ ಸದ್ದು ಈಗಷ್ಟೇ ಶುರುವಾಗಿದೆ.

"ಜುಲೇ, ಮೊರುಪ್-ಲೇ. ಇನ್ನೂ ಎಷ್ಟು ದಿನ?" ಎಂದು ನಮಸ್ಕರಿಸಿ ಕೇಳುತ್ತೇನೆ.

"ಹೊಳೇನ ಕೇಳಿ, ಅಬಿ-ಲೇ. ನಾನು ಕಟ್ಟೋನು ಮಾತ್ರ." ಊರಿಗೆಲ್ಲ ನಾನು ಅಬಿ, ಅಜ್ಜಿ; 'ಲೇ' ನಮ್ಮಲ್ಲಿ ಮರ್ಯಾದೆಯ ಮಾತು.

ಹೊಳೆಯ ಪಕ್ಕದ ಈ ಕಾಲುದಾರಿಯನ್ನು ಪ್ರತಿ ಬೇಸಿಗೆ ನೀರು ತಿನ್ನುತ್ತದೆ, ಪ್ರತಿ ಬೇಸಿಗೆ ಮೊರುಪ್ ಕಟ್ಟುತ್ತಾರೆ. ಯಾರೂ ಹೇಳಿದ್ದಲ್ಲ, ಯಾರೂ ಕೂಲಿ ಕೊಡುವುದೂ ಇಲ್ಲ. ದಾರಿಯ ಬಲಕ್ಕೆ, ಊರಿನಿಂದ ಇಳಿಜಾರಿನ ಬುಡದವರೆಗೂ, ಮಣಿಗೋಡೆ ಮಲಗಿದೆ. ಮಂತ್ರ ಕೆತ್ತಿದ ಕಲ್ಲುಗಳನ್ನು ಹಿರಿಯರು ತಲೆಮಾರುಗಟ್ಟಲೆ ಪೇರಿಸಿದ್ದು. ಅದನ್ನು ಬಲಕ್ಕಿಟ್ಟುಕೊಂಡೇ ನಡೆಯಬೇಕು. ಆದ್ದರಿಂದ ಇಳಿಯುವವರಿಗೆ ಹೊಳೆಯ ಮಗ್ಗುಲು, ಹತ್ತುವವರಿಗೆ ಆಚೆ ಮಗ್ಗುಲು.

ಡಾಂಬರು ರಸ್ತೆ ಬಂದದ್ದು ಆಚೆ ಮಗ್ಗುಲಿಗೆ ಮಾತ್ರ. ಬಸ್ಸು ಹತ್ತುವಾಗ ಗೋಡೆ ಬಲಕ್ಕೆ, ಇಳಿಯುವಾಗ ಎಡಕ್ಕೆ. "ಹತ್ತುವಾಗ ಪುಣ್ಯ, ಇಳಿಯುವಾಗ ಪಾಪ. ಲೆಕ್ಕ ಚುಕ್ತಾ," ಎನ್ನುತ್ತಾನೆ ಡ್ರೈವರ್ ಪಲ್ಜೋರ್. ಆ ರಸ್ತೆಗೆ ಜಲ್ಲಿ ಒಡೆದ ಕೂಲಿಗಳಲ್ಲಿ ಹುಡುಗಪ್ರಾಯದ ಮೊರುಪ್ ಕೂಡ ಇದ್ದರು. "ರಸ್ತೆ ಹತ್ತೋದಕ್ಕೂ ಬೇಕು, ಇಳಿಯೋದಕ್ಕೂ ಬೇಕು ಅಂತ ಆಗ ನನಗೆ ಹೊಳೀಲೇ ಇಲ್ಲ," ಎನ್ನುತ್ತಾರೆ.

ಮೊರುಪ್ ಅವರ ಹೆಂಡತಿ ಯಂಗ್ಡೋಲ್‌ಗೆ ಹೊಳೆದದ್ದೇ ಬೇರೆ. "ನಮ್ಮನೆ ಮಾಳಿಗೆ ಹೋದ ವರ್ಷದಿಂದ ಸೋರ್ತಿದೆ. ಅದರ ಮೇಲೂ ಒಂದು ಮಂತ್ರ ಕೆತ್ತಿಸ್ಬೇಕು. ಆಗ್ಲಾದ್ರೂ ಇವ್ರ ಕಣ್ಣಿಗೆ ಬೀಳುತ್ತೇನೋ."

ಈ ಬೇಸಿಗೆಯ ತೊಂದರೆ ಶುರುವಾದದ್ದು ಪಲ್ಜೋರನ ಭಕ್ತಿಯಿಂದ. ಗೊಂಪಾ ಮಠದ ಲಾಮಾಗಳು ಬಸ್ಸಿನಲ್ಲಿದ್ದ ದಿನ ಅವನಿಗೆ ಪಾಪದ ಹೆದರಿಕೆ ಹೆಚ್ಚಾಯಿತು. ಬಸ್ಸನ್ನು ಮೇಲೇ ತಿರುಗಿಸಿ, ಇಳಿಜಾರಿನುದ್ದಕ್ಕೂ ರಿವರ್ಸ್‌ನಲ್ಲಿ ಇಳಿಸಿದ. ಮುಖ ಊರಿನ ಕಡೆ, ಗೋಡೆ ಬಲಕ್ಕೆ. ಎಲ್ಲ ಸರಿಯಾಗಿಯೇ ಇತ್ತು, ಕೆಳಗಿನ ತಿರುವು ಬರುವ ತನಕ. ಅಲ್ಲಿ ಬಸ್ಸಿನ ಹಿಂಭಾಗ ಗೋಡೆಯ ತುದಿಯನ್ನು ಕೆಡವಿತು.

"ಬಲಕ್ಕೇ ಇತ್ತಲ್ಲ ಮೆಮೆ-ಲೇ, ಇನ್ನೇನು ಬೇಕು?" ಎಂದು ಪಲ್ಜೋರ್ ಅಜ್ಜನ ಜೊತೆ ವಾದಿಸಿದ.

"ಕತ್ತೆ ಹಿಂದು ಹಿಂದಕ್ಕೆ ನಡೆದ್ರೆ ಊರಿಗೆ ಬಂತು ಅಂತೀಯಾ, ಹೋಯ್ತು ಅಂತೀಯಾ?" ಎಂದರು ಮೊರುಪ್, ಕಲ್ಲುಗಳ ಧೂಳು ಒರೆಸುತ್ತ.

ತುದಿಯನ್ನು ಅವರು ಮತ್ತೆ ಪೇರಿಸಿದರು. ಆದರೆ ಸುದ್ದಿ ರಸ್ತೆ ಕಚೇರಿಗೆ ಮುಟ್ಟಿತ್ತು. ವಾಹನಗಳಿಗೆ ಅಡ್ಡ ಬರುವ ಆ ತುದಿಯನ್ನು ತೆಗೆಸುತ್ತೇವೆ, ಊರವರ ತಕರಾರಿದ್ದರೆ ಜವೆ ಕೊಯ್ಲಿಗೆ ಮೊದಲು ಬರೆದು ತಿಳಿಸಿ ಎಂದರು ಕಚೇರಿಯವರು. ಊರಿನ ಮುಖಂಡರಾದ ಗೋಬಾ, ಶಾಲೆಯ ಇಶೆ ಮೇಷ್ಟರಿಂದ ಕಾಗದ ಬರೆಸಿ ಮೊಹರು ಒತ್ತಿಸಿದರು: ಗೋಡೆ ಮುಟ್ಟಬೇಡಿ, ಹೊಳೆಯ ಕಡೆಗೂ ಒಂದು ರಸ್ತೆ ಕೊಡಿ, ಇಳಿಯುವ ವಾಹನ ಅಲ್ಲಿ ಇಳಿಯಲಿ. ಅದನ್ನು ಕಚೇರಿಗೆ ತಲುಪಿಸುವ ಹೊಣೆ ಮೊರುಪ್‌ಗೆ ಬಿತ್ತು. ಊರು ಮಾಡಿದ ತಪ್ಪು ಅದೇ.

"ಗೋಡೆಗೆ ಮರ್ಯಾದೆ ಕೊಡಿ ಅಂತ ಬರೆದ ಕಾಗದಾನ, ಗೋಡೇನ ಎಡಕ್ಕಿಟ್ಟು ಬಸ್ಸಲ್ಲಿ ಕಳಿಸೋದಾ?" ಎಂದು ಮೊರುಪ್ ಅದನ್ನು ಗೊಂಚಾ ನಿಲುವಂಗಿಯ ಎದೆಮಡಿಕೆಯೊಳಗೆ ಸೇರಿಸಿಕೊಂಡರು. ಹೊಳೆಯ ದಾರಿ ಕೊಚ್ಚಿಹೋಗಿತ್ತು. ದಾರಿ ಆಗಲಿ, ಆಮೇಲೆ ಕಾಗದ.

ಹೊಲದ ಹಸಿರು ತಿಳಿಯಾಯಿತು. ಗೋಬಾ ದಿನವೂ ಬಂದು ದಡದಲ್ಲಿ ಕೂರತೊಡಗಿದರು.

"ಜವೆ ಹಳದಿ ಆಗ್ತಿದೆ, ಮೊರುಪ್."

"ಕಾಣ್ಸುತ್ತೆ."

"ಕಾಗದಾನ ತಲೆ ಮೇಲಿಟ್ಕೊಂಡು ನೀರಲ್ಲೇ ಇಳಿದುಬಿಡಿ."

"ಹೋದ ವರ್ಷ ತಲೆ ಮೇಲಿದ್ದ ಟೋಪಿ ಈಗ ಎಲ್ಲಿದೆ ಅಂತ ಸಿಂಧೂ ನದಿಗೇ ಗೊತ್ತು."

ರಾತ್ರಿ ನಿದ್ದೆ ಬರುತ್ತದೆಯೇ ಎಂದು ಒಮ್ಮೆ ಕೇಳಿದೆ. ಮೊರುಪ್ ಕೈಯಲ್ಲಿದ್ದ ಕಲ್ಲು ಕೂರಿಸಿದರು. "ಬರಲ್ಲ. ತಡವಾಗಿ ತುದಿ ಹೋದ್ರೆ ನನ್ನಿಂದ್ಲೇ ಹೋಯ್ತು ಅಂತಾಗುತ್ತೆ. ಹಾಗಂತ ತಪ್ಪು ದಾರೀಲಿ ಕಳಿಸಿ ಉಳಿಸ್ಕೊಂಡ್ರೆ, ಉಳಿದಿದ್ದಾದ್ರೂ ಏನು?" ಮರುದಿನದಿಂದ ಗೋಬಾ ಮಾತು ಬಿಟ್ಟು ಕಲ್ಲು ಎತ್ತಿಕೊಡಲು ನಿಂತರು. ಯಂಗ್ಡೋಲ್ ಕೂಡ ಬಂದರು, ಬೈಯುತ್ತಲೇ.

ಇವತ್ತು ಬೆಳಿಗ್ಗೆ ಕೊನೆಯ ಕಲ್ಲು ಕೂತಿದೆ, ಅಲುಗುತ್ತಿಲ್ಲ. ಜವೆಗೆ ಇನ್ನೂ ಕುಡುಗೋಲು ಬಿದ್ದಿಲ್ಲ. ಮೊರುಪ್ ಮುಂದೆ, ಊರೆಲ್ಲ ಹಿಂದೆ, ಗೋಡೆಯನ್ನು ಬಲಕ್ಕಿಟ್ಟುಕೊಂಡು ಇಳಿಯುತ್ತೇವೆ. ಗೋಡೆಯಾಚೆ ಪಲ್ಜೋರನ ಬಸ್ಸು ಖಾಲಿಯಾಗಿ ಇಳಿಯುತ್ತಿದೆ. ಪ್ರಯಾಣಿಕರೆಲ್ಲ ನಮ್ಮ ಜೊತೆಗಿದ್ದಾರೆ. ಪಾಪ ಅವನೊಬ್ಬನಿಗೇ.

ಕೆಳಗೆ, ಕಚೇರಿಯ ಕಡೆ ಹೊರಟ ಬಸ್ಸಿನ ಬಳಿ, ಕಾಗದ ಪಲ್ಜೋರನ ಕೈ ಸೇರುತ್ತದೆ. ಮೊರುಪ್ ಬಸ್ಸಿನ ಬಾಗಿಲು ಬಿಡುವುದಿಲ್ಲ.

"ದಾರೀಲಿ ಎಲ್ಲಾದ್ರೂ ಸ್ತೂಪ ಎಡಕ್ಕೆ ಬರುತ್ತಾ?"

ಪಲ್ಜೋರ್ ಸುಳ್ಳು ಹೇಳಲು ಯೋಚಿಸಿದ್ದು ಮುಖದಲ್ಲೇ ಕಾಣುತ್ತದೆ. "ಸೇತುವೆ ಹತ್ರ ಒಂದಿದೆ."

"ಅಲ್ಲಿ ಬಸ್ಸು ನಿಲ್ಸಿ, ಕಾಗದ ಹಿಡ್ಕೊಂಡು ಇಳಿ. ಬಲಕ್ಕಿಟ್ಕೊಂಡು ಸುತ್ತಿ ಬಾ."

"ಬಸ್ಸಲ್ಲಿ ಜನ ಇದ್ದಾರೆ, ಮೆಮೆ-ಲೇ."

"ಅವ್ರೂ ಇಳೀಲಿ."

ಬಸ್ಸು ಹೊರಡುತ್ತದೆ. ಯಾರೂ ಮನೆಗೆ ಹೋಗುವುದಿಲ್ಲ, ಕಣ್ಣಿಗೆ ಕೈ ಅಡ್ಡ ಹಿಡಿದು ನಿಲ್ಲುತ್ತೇವೆ. ದೂರದ ಸೇತುವೆಯ ಬಳಿ ಬಸ್ಸು ಬೆಂಕಿಪೊಟ್ಟಣದಷ್ಟಾಗಿ ನಿಲ್ಲುತ್ತದೆ. ಒಬ್ಬ ಇಳಿಯುತ್ತಾನೆ, ಎತ್ತಿದ ಕೈಯಲ್ಲಿ ಏನೋ ಬೆಳ್ಳಗಿದೆ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದು, ಸ್ತೂಪ ಸುತ್ತಿ, ಮತ್ತೆ ಹತ್ತುತ್ತಾರೆ. ಬಸ್ಸು ತಿರುವಿನಲ್ಲಿ ಮರೆಯಾಗುತ್ತದೆ.

"ಹ್ಞೂಂ," ಎನ್ನುತ್ತಾರೆ ಮೊರುಪ್. "ಈಗ ಹೋಯ್ತು ಕಾಗದ."