ನಕ್ಷತ್ರಮೀನು ಯಾವ ಗೋಡೆಯದು

ನಮ್ಮ ಬಯಾಲಜಿ ಟೀಚರ್ ಬೆರಳುಗಳ ತುದಿ ಯಾವಾಗಲೂ ಬಿಳಿಚಿಕೊಂಡು, ಈಗಷ್ಟೇ ಒಂದು ರಾಶಿ ಬಟ್ಟೆ ಒಗೆದು ಎದ್ದು ಬಂದವರ ಬೆರಳಿನ ಹಾಗೆ ಸುಕ್ಕುಗಟ್ಟಿರುತ್ತಿತ್ತು. ಫಾರ್ಮಲಿನ್ ಮಾಡಿದ ಕೆಲಸ ಅದು. ಕಪ್ಪೆ, ಏಡಿ, ಚೇಳುಗಳು ಕೊಳೆಯದ ಹಾಗೆ ಬಾಟಲಿಯಲ್ಲಿ ಕಾಪಾಡುವ ಆ ನೀರಿನ ಘಾಟು ಅವರ ಸೀರೆಗೂ ಚೀಲಕ್ಕೂ ಊಟದ ಡಬ್ಬಿಗೂ ಅಂಟಿಕೊಂಡಿತ್ತು. ಮುಡಿಗೆ ಮಾತ್ರ ದಿನಾ ಕನಕಾಂಬರ. "ಮಲ್ಲಿಗೆ ಮುಡಿದ್ರೆ ಅದು ಫಾರ್ಮಲಿನ್ ಜೊತೆ ಜಗಳಕ್ಕೆ ನಿಲ್ಲುತ್ತೆ ಕಣಮ್ಮ, ಸೋಲೋದು ಮಲ್ಲಿಗೇನೇ. ಇದಕ್ಕೆ ವಾಸನೆಯೂ ಇಲ್ಲ, ತಂಟೆಯೂ ಇಲ್ಲ" ಎನ್ನುತ್ತಿದ್ದರು. ಬಂಗಾರಪೇಟೆಯಿಂದ ಹೊರಡುವ ಬೆಳಗಿನ ರೈಲಿನಲ್ಲಿ ಎಷ್ಟೇ ಜನವಿರಲಿ, ಅವರ ಪಕ್ಕ ಯಾರೂ ಕೂರುತ್ತಿರಲಿಲ್ಲ. ಹೀಗಾಗಿ ಕಿಟಕಿ ಪಕ್ಕದ ಜಾಗ ಅವರಿಗೆ ಕಾಯಂ. ಮೂಗು ಮುಚ್ಚಿಕೊಳ್ಳದೆ ಎದುರಿಗೆ ಕೂರುತ್ತಿದ್ದವಳು ನಾನೊಬ್ಬಳೇ.

ನಾನು ಬೂದಿಕೋಟೆ ಕಡೆಯ ಹಳ್ಳಿಯವಳು. ಓದಲೆಂದು ಬಂಗಾರಪೇಟೆಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮಾವನಿಗೆ ಹುಣಸೇಹಣ್ಣಿನ ಮಂಡಿ ಇತ್ತು. ಅಲ್ಲಿಂದ ದಿನಾ ರೈಲು ಹಿಡಿದು ಚಿನ್ನದ ಗಣಿಯ ಊರಾದ ಉರಿಗಾಂನಲ್ಲಿ ಇಳಿದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೋಗುವುದು. ಟೀಚರೂ ಬಂಗಾರಪೇಟೆಯವರೇ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ, ಮನೆಯವರ ಬಾಯಿಗೆ ಕಿವಿಗೊಡದೆ ಓದಿ ಕೆಲಸ ಹಿಡಿದವರು. ತಮಿಳಿನ ಮಕ್ಕಳಿಗೆ ತಮಿಳಲ್ಲಿ, ತೆಲುಗಿನವರಿಗೆ ತೆಲುಗಲ್ಲಿ, ನಮಗೆ ಕನ್ನಡದಲ್ಲಿ ಬೈಯುತ್ತಿದ್ದರು. ಬೈಗುಳದಲ್ಲಿ ಯಾರಿಗೂ ಕಡಿಮೆ ಮಾಡಿದವರಲ್ಲ.

ಕೈಗೆ ಏನು ಸಿಕ್ಕರೂ ಅದರ ನಡುವೆ ಉಗುರಿನಿಂದ ಒಂದು ಗೆರೆ ಎಳೆದು ನೋಡುವುದು ಅವರ ಅಭ್ಯಾಸ. ಗೆರೆಯ ಆಚೀಚೆ ಒಂದೇ ಥರ ಇದೆಯೇ? ಜಿರಲೆ, ಎರೆಹುಳು, ಏಡಿ, ಕಪ್ಪೆ, ಮನುಷ್ಯ ಎಲ್ಲವೂ ಹಾಗೆಯೇ. ಪುಸ್ತಕ ಇದಕ್ಕೆ ದ್ವಿಪಾರ್ಶ್ವ ಸಮಮಿತಿ ಎನ್ನುತ್ತಿತ್ತು. ಟೀಚರ್ "ಎಡಬಲದ ಪ್ರಾಣಿಗಳು" ಎನ್ನುತ್ತಿದ್ದರು. ಗಣಿ ಕೆಲಸದವರ ಮಕ್ಕಳಾದ ನನ್ನ ಜೊತೆಯವರಿಗೆಲ್ಲ ಪ್ರಾಣಿಗಳೆಂದರೆ ಗಣಿಯೊಳಕ್ಕೆ ಇಳಿಯುವ ಶಾಫ್ಟಿನ ಹಾಗೆ ಒಂದರ ಮೇಲೊಂದು: ತಳದಲ್ಲಿ ಹುಳು, ತುದಿಯಲ್ಲಿ ಮನುಷ್ಯ. ಟೀಚರಿಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. "ಶಾಫ್ಟಲ್ಲ ಕಣ್ರಮ್ಮ, ಜಂಕ್ಷನ್. ಬಂಗಾರಪೇಟೇಲಿ ಒಂದು ಲೈನು ಮದ್ರಾಸಿಗೆ ಹೋಗುತ್ತೆ, ಒಂದು ಕೋಲಾರಕ್ಕೆ ಹೋಗುತ್ತೆ. ಕೋಲಾರಕ್ಕೆ ಹೋದೋನು ಮದ್ರಾಸಿಗೆ ಹೋದೋನಿಗಿಂತ ಕೀಳಾ? ಅವನ ದಾರಿ ಬೇರೆ, ಅಷ್ಟೇ."

ಎಡಬಲದ ಪ್ರಾಣಿಗಳೂ ಯಾವುದೋ ಕಾಲದಲ್ಲಿ ಹೀಗೆ ಎರಡು ಲೈನುಗಳಾಗಿ ಕವಲೊಡೆದವು ಎಂದು ಅವರು ಹೇಳಿಕೊಟ್ಟರು. ಮೊಟ್ಟೆಯೊಳಗೆ ಜೀವ ಬೆಳೆಯುವಾಗ ಮೊದಲು ಒಂದು ತೂತಾಗುತ್ತದೆ. ಎರೆಹುಳು, ಜಿರಲೆ, ಬಸವನಹುಳುವಿನ ಲೈನಿನಲ್ಲಿ ಅದೇ ಬಾಯಿ. ನಮ್ಮ ಲೈನಿನಲ್ಲಿ ಅದು ಮಲದ್ವಾರ, ಬಾಯಿ ಆಮೇಲೆ ಬೇರೆ ಕಡೆ ತೆರೆದುಕೊಳ್ಳುತ್ತದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಇದನ್ನು ಹೇಗೆ ಹೇಳುವುದು? "ನಮ್ಮದು ಹಿಂಬಾಗಿಲು ಮೊದಲು ಕಟ್ಟಿದ ಮನೆ" ಅಂದುಬಿಟ್ಟರು. ಕ್ಲಾಸು ನಕ್ಕು ನಕ್ಕು ಸುಸ್ತಾಯಿತು. ನಾನು ಅದನ್ನು ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಅತ್ತೆ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ, "ಇದನ್ನ ಕಲಿಯಾಕೆ ರೈಲ್ ಅತ್ಕೊಂಡ್ ಓಗ್ಬೇಕಾ?" ಎಂದರು. ಮಾವ ತಟ್ಟೆ ನೋಡಿಕೊಂಡು ನಗುತ್ತಿದ್ದರು.

ಶಾಲೆಯ ಹಳೆಯ ಉಗ್ರಾಣವೇ ನಮ್ಮ ಲ್ಯಾಬು. ಬಾಗಿಲಿಂದ ಒಳಗೆ ಬಂದರೆ ಎಡಗೋಡೆಯ ಹಲಗೆಯ ಮೇಲೆ ಎರೆಹುಳು, ಬಸವನಹುಳು, ಚೇಳು, ಏಡಿ. ಬಲಗೋಡೆಗೆ ನಮ್ಮ ಲೈನಿನ ಮೀನು, ಕಪ್ಪೆ, ಓತಿಕ್ಯಾತ, ಬಾವಲಿ. ಅಲ್ಲೇ ಮೀನಿಗೂ ಮುಂಚೆ ಒಂದು ಒಣಗಿದ ನಕ್ಷತ್ರಮೀನು. ಅದನ್ನು ಮೊದಲ ಸಲ ನೋಡಿದಾಗ ಚಾಂಪಿಯನ್ ರೀಫ್ಸ್ ಗಣಿಯ ಕಡೆಯ ತಮಿಳು ಹುಡುಗಿಯೊಬ್ಬಳು "ಟೀಚರ್, ಇದು ಪೂವು ಮಾದಿರಿ ಇರುಕ್ಕು" ಅಂದಳು. ಹೂವಿನ ಹಾಗೆಯೇ ಇತ್ತು. ಐದು ತೋಳು, ಎಡವಿಲ್ಲ, ಬಲವಿಲ್ಲ. ಅಂಥದ್ದನ್ನು ನಮ್ಮ ಗೋಡೆಗೆ ಯಾಕಿಟ್ಟರು? ಅದರ ಮರಿಗೆ ಎಡಬಲ ಇರುತ್ತದಂತೆ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿ, ಗಾಜಿನಷ್ಟು ತಿಳಿ, ಸಮುದ್ರದಲ್ಲಿ ಈಜಾಡಿಕೊಂಡಿದ್ದು ಬೆಳೆದ ಮೇಲೆ ಐದು ತೋಳಿನದಾಗುತ್ತದಂತೆ. ಅದಕ್ಕೂ ಹಿಂಬಾಗಿಲೇ ಮೊದಲಂತೆ. "ಜಿರಲೆಗಿಂತ ಇದೇ ನಮಗೆ ಹತ್ತಿರದ ನೆಂಟ" ಎಂದರು ಟೀಚರ್.

ಅದರ ಹಿಂದಿನ ವಾರ ನನ್ನ ಎರೆಹುಳುವಿನ ಚಿತ್ರವನ್ನು ಅವರು ರಬ್ಬರಿನಿಂದ ಅಳಿಸಿ ಹಾಕಿದ್ದರು. ಮೇಣದ ತಟ್ಟೆಯಲ್ಲಿ ಕೊಯ್ದಿಟ್ಟ ಹುಳುವಿನಲ್ಲಿ ನನಗೆ ಕಾಣದ ಹೃದಯಗಳನ್ನು ನಾನು ಪುಸ್ತಕ ನೋಡಿ ಬರೆದಿದ್ದೆ. ಕಾಣದ್ದನ್ನು ಕಂಡ ಹಾಗೆ ಬರೆಯಬಾರದು ಎನ್ನುವುದು ಅವರ ಒಂದೇ ಕಟ್ಟುನಿಟ್ಟು. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿರಲಿಲ್ಲ. ಎದ್ದು ನಿಂತು ಕೇಳಿದೆ: "ಆ ಮರೀನ ನೀವು ಕಣ್ಣಾರೆ ನೋಡಿದ್ದೀರಾ ಟೀಚರ್?"

ಅವರು ಕೈಯಲ್ಲಿದ್ದ ನಕ್ಷತ್ರಮೀನನ್ನು ವಾಪಸು ಹಲಗೆಯ ಮೇಲಿಟ್ಟರು. "ಇಲ್ಲ ಕಣಮ್ಮ. ನೋಡಿಲ್ಲ" ಎಂದರು. ಮರುದಿನ ಅದರ ಕೆಳಗೆ ಒಂದು ಚೀಟಿ ಅಂಟಿಸಿತ್ತು: "ಈ ಜಾಗ ಓದಿ ಕೊಟ್ಟದ್ದು, ನೋಡಿ ಕೊಟ್ಟದ್ದಲ್ಲ."

ಆ ಚೀಟಿ ಅಲ್ಲಿರಬಾರದಾಗಿದ್ದ ಸಮಯ ಅದು. ನಮ್ಮ ಶಾಲೆಯಲ್ಲಿ ಮುಂದಿನ ತರಗತಿಗಳಿಗೂ ಬಯಾಲಜಿ ಸೆಕ್ಷನ್ ಕೊಡಬೇಕೋ ಬೇಡವೋ ಎಂದು ನೋಡಲು ಇಲಾಖೆಯ ಕಮಿಟಿಯವರು ಬರುವವರಿದ್ದರು. ಕೊಟ್ಟರೆ ನಾನು ಓದು ಮುಂದುವರಿಸುವುದು, ಇಲ್ಲದಿದ್ದರೆ ಹಳ್ಳಿಗೆ ವಾಪಸು, ಮದುವೆ. ಇದು ಮಾವ ಹಾಕಿದ ಕಟ್ಟಳೆ. ಬೆಂಗಳೂರಿನ ಹಾಸ್ಟೆಲಿನ ಮಾತನ್ನು ನಮ್ಮ ಮನೆಯಲ್ಲಿ ಎತ್ತುವಂತೆಯೇ ಇರಲಿಲ್ಲ. ಹೆಡ್‌ಮಿಸ್ಟ್ರೆಸ್ ಬಂದು ಚೀಟಿ ತೆಗೆಯಿರಿ ಎಂದು ಹೇಳಿದರು, ಆಮೇಲೆ ಬೇಡಿಕೊಂಡರು. ಟೀಚರ್ ತೆಗೆಯಲಿಲ್ಲ.

ಕಮಿಟಿಯ ಹಿರಿಯರು ಚೀಟಿಯ ಮುಂದೆ ನಿಂತೇಬಿಟ್ಟರು. ನಾವು ಒಂದಿಬ್ಬರು ಹುಡುಗಿಯರು ತಟ್ಟೆ ಜೋಡಿಸುತ್ತ ಅಲ್ಲೇ ಇದ್ದೆವು. "ಏನಮ್ಮ ಇದು? ಹೇಳಿಕೊಡೋ ನಿಮಗೇ ನಂಬಿಕೆ ಇಲ್ವಾ?"

"ನಂಬಿಕೆ ಪೂರ್ತಿ ಇದೆ ಸಾರ್. ಅದಕ್ಕೇ ಈ ಗೋಡೇಲಿ ಇಟ್ಟಿದ್ದೀನಿ. ನೋಡಿಲ್ಲ, ಅದಕ್ಕೆ ಚೀಟಿ ಹಾಕಿದ್ದೀನಿ. ಅವೆರಡೂ ಬೇರೆ."

ಅವರು ತಲೆದೂಗಿದರು. ಮೆಚ್ಚಿದರೆಂದು ನಾನು ಕುಣಿದಾಡಿದೆ. ತಿಂಗಳ ಮೇಲೆ ಉತ್ತರ ಬಂತು: ಈ ವರ್ಷಕ್ಕೆ ಇಲ್ಲ. ಉಪಕರಣ ಸಾಲದು, ವಿಷಯದಲ್ಲಿ ಶಿಕ್ಷಕಿಗೇ ಖಚಿತತೆ ಸಾಲದು.

ಆ ಸಂಜೆ ರೈಲಿನಲ್ಲಿ ನಾನು ಅತ್ತುಬಿಟ್ಟೆ. ಅಳುತ್ತಲೇ, "ಆ ಚೀಟಿ ತೆಗೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಟೀಚರ್?" ಎಂದೆ. ಬೇರೆ ಯಾರಾದರೂ ಆಗಿದ್ದರೆ ಕೆನ್ನೆಗೆ ಕೊಡುತ್ತಿದ್ದರು. ಅವರು ತಮ್ಮ ಸುಕ್ಕುಗಟ್ಟಿದ ಬೆರಳುಗಳನ್ನು ನೋಡಿಕೊಂಡು, "ಹಾಗೆ ತಂದ ಸೆಕ್ಷನ್ನಲ್ಲಿ ನಿನಗೆ ಏನಂತ ಹೇಳಿಕೊಡ್ಲಿ?" ಎಂದರು. ನನಗೆ ಅದು ಆಗ ಸಮಾಧಾನದ ಮಾತಾಗಿ ಕೇಳಿಸಲಿಲ್ಲ. ಅವರ ಮೇಲೆ ವಿಪರೀತ ಕೋಪ ಬಂದಿತ್ತು.

ಭಾನುವಾರ ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಮಾವನೆದುರು ಕೂತರು. ಅತ್ತೆ ಕಾಫಿ ಕೊಟ್ಟು ಬಾಗಿಲ ಹಿಂದೆ ನನ್ನ ಪಕ್ಕದಲ್ಲೇ ನಿಂತರು.

"ನೀವೇನಾ ಇಂಬಾಗ್ಲು ಮೊದ್ಲು ಅಂದೋರು?" ಎಂದರು ಮಾವ.

"ನಾನೇ. ಇವಳಿಗೆ ಒಂದು ವರ್ಷ ಕೊಡಿ ಅಂತ ಕೇಳೋಕೆ ಬಂದೆ. ಕಮಿಟಿಯವರನ್ನ ಮತ್ತೆ ಕರೆಸ್ತೀವಿ."

"ಒಂದ್ ವರ್ಸ ಕೂರಿಸ್ಕೊಂಡ್ರೆ ಸೆಕ್ಷನ್ ಬತ್ತದೆ ಅಂತ ಗ್ಯಾರಂಟಿ ಕೊಡ್ತೀರಾ ಟೀಚರಮ್ಮ?"

ಹೂಂ ಅನ್ನಿ, ಹೂಂ ಅನ್ನಿ ಎಂದು ನಾನು ಒಳಗೇ ಹಲುಬುತ್ತಿದ್ದೆ. ಒಂದು ಮಾತು ಸಾಕಿತ್ತು.

"ಗ್ಯಾರಂಟಿ ಕೊಡೋಕಾಗಲ್ಲ" ಎಂದರು ಟೀಚರ್. "ಬರುತ್ತೆ ಅಂತ ನಂಬಿದ್ದೀನಿ. ಆದ್ರೆ ಕೊಡೋದು ನನ್ನ ಕೈಲಿಲ್ಲ. ಹುಡುಗಿ ಚೆನ್ನಾಗಿ ಓದ್ತಾಳೆ, ಅದೊಂದು ನಾನು ನೋಡಿರೋದು. ಅಷ್ಟು ಮಾತ್ರ ಹೇಳಬಲ್ಲೆ."

ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅತ್ತೆ ಕೂಡ ನಿಟ್ಟುಸಿರು ಬಿಟ್ಟರು. ಮಾವ ಕಾಫಿ ಕುಡಿದು ಲೋಟ ಕೆಳಗಿಟ್ಟರು.

"ಮಂಡಿಗೆ ಬರೋರೆಲ್ಲಾ ಗ್ಯಾರಂಟಿ ಕೊಡೋರೇ ಕಣಮ್ಮ. ಬೀಜ ಬಿಡಿಸಿರೋ ಅಣ್ಣು ಅಂತಾರೆ, ಮೂಟೆ ಬಿಚ್ಚುದ್ರೆ ಅರ್ಧ ಬೀಜ. ಇವ್ಳನ್ನ ಕೇಳ್ಕೊಂಡ್ ಬಂದೋರೂ ಗಂಡು ಬೀಡೀನೂ ಮುಟ್ಟಲ್ಲ ಅಂತ ಗ್ಯಾರಂಟಿ ಕೊಟ್ಟವ್ರೆ. ಆಗಲ್ಲ ಅಂದೋರು ನೀವೊಬ್ರೇ. ನೀವು ಇವ್ಳು ಓದ್ತಾಳೆ ಅಂದ್ರೆ ಓದ್ತಾಳೆ. ಓಗ್ಲಿ, ಒಂದ್ ವರ್ಸ ಇರ್ಲಿ ಬಿಡಿ."

ಬಾಗಿಲ ಹಿಂದೆ ಅತ್ತೆ ನನ್ನ ಕೈ ಹಿಡಿದುಕೊಂಡರು. ಆ ವರ್ಷ ನಾನು ಬಂಗಾರಪೇಟೆಯಲ್ಲಿ ಟೈಪಿಂಗ್ ಕಲಿತುಕೊಂಡು ಕಾದೆ. ಟೀಚರ್ ರಜೆಯಲ್ಲಿ ಮದ್ರಾಸಿನ ರೈಲು ಹತ್ತಿ ಹೋದರು. ಅಲ್ಲಿ ಸಮುದ್ರದ ಹತ್ತಿರದ ಕಾಲೇಜೊಂದರಲ್ಲಿ ಅವರ ಹಳೆಯ ಗೆಳತಿ ಪಾಠ ಮಾಡುತ್ತಿದ್ದರು. ವಾಪಸು ಬಂದ ದಿನ ಮನೆಗೆ ಹೋಗುವ ಮೊದಲು ಸ್ಟೇಷನ್ನಿನಿಂದ ನೇರವಾಗಿ ನಮ್ಮ ಮನೆಗೇ ಬಂದರು. ಅಂಗಳದಲ್ಲಿ ನಿಂತೇ, "ಆ ಮರೀಗೂ ಮನಸ್ಸಲ್ಲೇ ಗೆರೆ ಎಳೆದು ನೋಡ್ದೆ ಕಣಮ್ಮ, ಆಚೆ ಈಚೆ ಒಂದೇ ಥರ. ಗಿರ್ರಂತ ತಿರುಗ್ತಿತ್ತು" ಎಂದರು. ಮೈಕ್ರೋಸ್ಕೋಪಿಗೆ ಒತ್ತಿದ್ದ ಕಣ್ಣು ಇನ್ನೂ ಅದರಲ್ಲೇ ಇದೆಯೇನೋ ಎನ್ನುವ ಹಾಗೆ ಒಂದು ಕಣ್ಣು ಕಿರಿದು ಮಾಡಿಕೊಂಡೇ ಮಾತಾಡಿದರು. ಅವರನ್ನು ಅಷ್ಟು ಸಂತೋಷವಾಗಿ ನಾನು ಮತ್ತೆಂದೂ ಕಾಣಲಿಲ್ಲ. ಕಮಿಟಿ ಎರಡನೇ ಸಲ ಬಂದಾಗ ಸೆಕ್ಷನ್ ಕೊಟ್ಟಿತು. ಕೊಡದೆ ಹೋಗಿದ್ದರೂ ಟೀಚರ್ ಹಾಗೇ ಇರುತ್ತಿದ್ದರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ನಾನು ಪ್ರಾಣಿಶಾಸ್ತ್ರವನ್ನೇ ಓದಿ, ಅದನ್ನೇ ಪಾಠ ಮಾಡಿ ಬದುಕಿದೆ. ಎಷ್ಟೋ ತರಗತಿಗಳಲ್ಲಿ ನಿಂತು ಇದನ್ನು ನಾನು ನೋಡಿಲ್ಲ ಎಂದಿದ್ದೇನೆ. ಮಕ್ಕಳು ನನ್ನನ್ನು ನಂಬುವುದನ್ನೇನೂ ಬಿಡಲಿಲ್ಲ.

ಟೀಚರ್ ತೀರಿಕೊಂಡಾಗ ನಾನು ದೂರದ ಊರಿನಲ್ಲಿದ್ದೆ. ಸುದ್ದಿ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ನೆಮ್ಮದಿಯಾಗಿ ಹೋದರು ಎಂದು ಕೆಲವರು, ತುಂಬ ನರಳಿದರು ಎಂದು ಕೆಲವರು. ನಾನು ಅಲ್ಲಿರಲಿಲ್ಲ, ಹಾಗಾಗಿ ಅವರ ಸಾವಿನ ವಿಷಯ ಬರೆಯುವುದಿಲ್ಲ. ಕಂಡದ್ದನ್ನು ಬರೆಯುತ್ತೇನೆ. ಒಂದು ಭಾನುವಾರ ಬೆಳಿಗ್ಗೆ, ಒಂದು ಸುಳ್ಳು ಹೇಳಿ ನನ್ನನ್ನು ಉಳಿಸಬಹುದಾಗಿದ್ದ ಹೆಂಗಸು ನಮ್ಮ ಜಗಲಿಯ ಮೇಲೆ ಕೂತು ನಿಜ ಹೇಳಿದರು. ನಾನು ಉಳಿದದ್ದು ಅದರಿಂದ.