ಪಾಯಪ್ಪ ಕಾಕಾರ ಕೈಗೆ ಹಚ್ಚಿದ ಮುಲಾಮು

ಗೆಳೆಯರೇ, ಇಂದು ಮುಂಜಾನೆ ತಲೆ ಎತ್ತಲಾರದಂತಾಯಿತು. ಕೊಣ್ಣೂರಿನ ದವಾಖಾನೆಯಲ್ಲಿ ನಾನು ಕಂಪೌಂಡರ್. ಯುದ್ಧ ಶುರುವಾದ ಮೇಲೆ ವಿಲಾಯತಿ ಮುಲಾಮು ಬರುತ್ತಿಲ್ಲ, ನಾನೇ ಕಲಸುತ್ತೇನೆ. ಪಕ್ಕದ ಮನೆಯ ಜೈನ ರೈತ ಪಾಯಪ್ಪ ಕಾಕಾರ ಬೆರಳುಗಳ ಮೇಲೆ ಬೆಲ್ಲ ಕಾಸುವಾಗ ಬಿಸಿ ಪಾಕ ಸಿಡಿದಿತ್ತು. ಎಂಟು ದಿನ ನನ್ನ ಮುಲಾಮು ಹಚ್ಚಿದೆ. ಇಂದು ಪಟ್ಟಿ ಬಿಚ್ಚಿದರೆ ಎಳೆಗೆಂಪು ಹೊಸ ಚರ್ಮ ಬಂದಿತ್ತು.

ಕಾಕಾ ಬೆರಳು ಮಡಚಿ, ಬಿಡಿಸಿ ನೋಡಿದರು. “ಭಾಳ ಚಲೋ ಔಷಧ ಐತಿ. ಏನ್ ಹಾಕಿದ್ರಿ ಇದರಾಗ?”

“ತುಪ್ಪ, ಅರಿಷಿಣ. ಮ್ಯಾಲೆ ಚಲೋ ಜೇನುತುಪ್ಪ ರೀ,” ಎಂದೆ, ಹೆಮ್ಮೆಯಿಂದ.

ಬೆರಳುಗಳು ಹಾಗೇ ನಿಂತವು. ಜೇನುಹುಳುಗಳ ಜೀವ ತೆಗೆದು ತಂದದ್ದನ್ನು ಅವರ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಕಾಕಾ ಹೊರಗೆ ಹೋಗಿ ಎರಡು ಸಲ ಕೈ ತೊಳೆದರು. ಬೈಯಲಿಲ್ಲ. “ಇರ್ಲಿ ಬಿಡ್ರಿ, ನಮ್ಮ ನಡಾವಳಿ ನಿಮಗ ಗೊತ್ತಿರಂಗಿಲ್ಲ,” ಎಂದರು. ನಾನೂ ಹೌದೆಂದು ತಲೆಯಾಡಿಸಿಬಿಟ್ಟೆ.

ಗೊತ್ತಿಲ್ಲದೆ ಏನು? ಅವರು ಹೊತ್ತು ಮುಳುಗುವ ಮುಂಚೆಯೇ ಉಣ್ಣುತ್ತಾರೆಂದು, ವಾರಕ್ಕೆರಡು ದಿನ ದವಾಖಾನೆಯ ಬಾಗಿಲನ್ನು ಬೇಗ ಹಾಕಿ ಅವರ ಮನೆಯ ಊಟಕ್ಕೆ ಓಡುವವನು ನಾನೇ.